ಊದದ ವಿಷಲ್

ತಾಂಡವಪುರದ ಹತ್ತಿರ ಒಂದು ಪೇಂಟ್‌ಬಾಲ್ ಮೈದಾನವಿತ್ತು. ಬಂದೂಕಿನಲ್ಲಿ ಬಣ್ಣದ ಗುಂಡು ಹೊಡೆಯುವ ಆಟ. ಅಲ್ಲಿ ನನ್ನ ತಮ್ಮ ಆಟಗಾರರ ಮರೆಗೆಂದು ಡ್ರಮ್ಮುಗಳನ್ನು ಜೋಡಿಸುತ್ತಿದ್ದ, ನಾನು ವಿಷಲ್ ಊದುತ್ತಿದ್ದೆ. ಯಾರಾದರೂ ಕೈ ಎತ್ತಿದರೆ ಊದಿ ಆಟ ನಿಲ್ಲಿಸಬೇಕು, ಅಷ್ಟೇ ಕೆಲಸ.

ಭಾನುವಾರ ಬರುವವರು ಮೋಜಿಗೆ ಆಡುವವರು. ಕಿರುಚುತ್ತ ಓಡಿ, ಎಲ್ಲೆಲ್ಲಿಗೋ ಹೊಡೆದು, ಬಿರಿಯಾನಿ ತಿಂದು ಹೋಗುತ್ತಿದ್ದರು. ಒಮ್ಮೆ ಪಂದ್ಯಕ್ಕೆ ತಯಾರಾಗುವ ತಂಡ ಬಂತು. ಬೆಳಗಿನಿಂದ ಒಂದೇ ಡ್ರಮ್ಮಿನ ಅಂಚಿಗೆ ಹೊಡೆದರು, ಮಾತೇ ಇಲ್ಲ. ಮಧ್ಯಾಹ್ನ ಅದರ ಹಿಂದೆ ಒಬ್ಬ ಮನುಷ್ಯ ಬೇಕೆಂದರು. ನಾನು ತಮ್ಮನನ್ನು ಕಳಿಸಿದೆ.

"ಇವ್ರೂ ಭಾನುವಾರದೋರ ತರಾನೇ ಕಣ್ಲಾ, ಓಗು."

ಅವನು ಎಡಕ್ಕೆ ಇಣುಕಿದರೆ ಎಡಕ್ಕೆ, ಬಲಕ್ಕೆ ಇಣುಕಿದರೆ ಬಲಕ್ಕೆ ಗುಂಡು ಬರುತ್ತಿತ್ತು. ಕೈ ಎತ್ತಿದ, ಕೈಗೂ ಬಿತ್ತು.

"ಊದಣ್ಣಾ" ಎಂದು ಕೂಗಿದ.

ವಿಷಲ್ ನನ್ನ ಬಾಯಲ್ಲೇ ಇತ್ತು. ಅವನಿಗೆ ಎತ್ತಲೂ ದಾರಿ ಬಿಡದ ಅವರ ಗುರಿ ನೋಡುತ್ತ ನಿಂತುಬಿಟ್ಟೆ. ಗುಂಡು ಮುಗಿದ ಮೇಲೆ ಅವರೇ ನಿಲ್ಲಿಸಿದರು.

ಸಂಜೆ ಅವನ ಬಾತ ಕೈಗೆ ಎಣ್ಣೆ ಹಚ್ಚಲು ಹೋದೆ. ಕೈ ಹಿಂದೆಳೆದುಕೊಂಡು, "ಚೆನ್ನಾಗಿತ್ತೇನಣ್ಣ ಆಟ?" ಎಂದ.

ಚೆನ್ನಾಗಿತ್ತು. ಅದನ್ನು ಅವನಿಗೆ ಇವತ್ತಿಗೂ ಹೇಳಲಾಗಿಲ್ಲ.