ಮೊಮ್ಮಗನೂ ಮುದಿ ಎಂಜಿನ್ನೂ ಹೊಳೆ ದಾಟಿದ್ದು

ನನ್ನ ಮೊಮ್ಮಗನಷ್ಟು ಚೆಂದದ ಕೂಸು ಕಂಬಂ ಕಣಿವೆಯಲ್ಲಿ ಇನ್ನೊಂದು ಹುಟ್ಟಿಲ್ಲ. ಅಲ್ಲ ಅನ್ನುವವರ ಕಣ್ಣಿಗೆ ಪೊರೆ ಬಂದಿರಬೇಕು. ಅವನನ್ನು ಮನೆಗೆ ತಂದ ದಿನದ ಮಾತು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು.

ಸೊಸೆ ನನ್ನ ಒಡಹುಟ್ಟಿದ ತಮ್ಮನ ಮಗಳು. ನಮ್ಮ ಜನದಲ್ಲಿ ಹಾಗೆಯೇ ತರುವುದು. ಕೂಸಿಗೆ ನಾನು ಅಜ್ಜಿ, ಅವನು ಅಜ್ಜ. ಇಬ್ಬರಿಗೂ ಇರುವುದು ಒಂದೇ ಮೊಮ್ಮಗ, ಜಗಳ ತಪ್ಪುತ್ತದೆಯೇ? ಹೆರಿಗೆಯಾದದ್ದು ಹೊಳೆಯಾಚೆ ಹನುಮಂತನಪಟ್ಟಿಯಲ್ಲಿ, ತಮ್ಮನ ಮನೆಯಲ್ಲಿ. ನನ್ನ ಮನೆ ಹೊಳೆಯ ಈಚೆ. ಮಲೆಯ ಮೇಲೆ ಅಣೆ ಕಟ್ಟಿ ನೀರನ್ನು ನಮ್ಮತ್ತ ತಿರುಗಿಸಿದ ಮೇಲೆ ಹೊಳೆ ಬೇಸಿಗೆಯಲ್ಲೂ ಆಳುದ್ದ ಹರಿಯುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಹಸುಗೂಸನ್ನು ನೀರು ದಾಟಿಸುವಂತಿಲ್ಲ. ಅಂದು ತಪ್ಪಿದರೆ ಮುಂದಿನ ಒಳ್ಳೆಯ ದಿನದವರೆಗೆ ಕೂಸು ತಮ್ಮನ ಮನೆಯಲ್ಲೇ.

ತಮ್ಮನಿಗೊಂದು ದೋಣಿಯಿತ್ತು. ಅದರ ಹಿಂಬದಿಗೆ ಹೊರಗಡೆಯಿಂದ ಬಿಗಿದ ಸೀಮೆಎಣ್ಣೆ ಎಂಜಿನ್, ಅಣೆಕಟ್ಟಿನವರು ಬೇಡವೆಂದು ಬಿಟ್ಟ ಮುದುಕ. ಅದು ಕೊಳವೆಯಲ್ಲಿ ಹೊಳೆಯ ನೀರು ಕುಡಿದು, ಮೈ ತಂಪು ಮಾಡಿಕೊಂಡು, ಪಕ್ಕದ ತೂತಿನಿಂದ ಚಿರ್ರನೆ ಹೊರಗೆ ಬಿಡುತ್ತಿತ್ತು. ನನ್ನ ಎಷ್ಟು ಸೀರೆ ನೆನೆಸಿತ್ತೋ! ಕೆಟ್ಟಿದ್ದ ಅದನ್ನು ದಿಂಡಿಗಲ್ಲಿನ ಕಮ್ಮಾರನಿಂದ ರಿಪೇರಿ ಮಾಡಿಸಿ ತಂದಿದ್ದ ತಮ್ಮ.

"ನೋಡಕ್ಕಾ, ಈಗ ಕೊಬ್ಬಿದ ಹೋರಿ ಇದು!"

ಸೊಸೆ, ಕೂಸು, ನಾನು ದೋಣಿ ಹತ್ತಿದೆವು. ಹೋರಿ ನಡುಹೊಳೆಯಲ್ಲಿ ಕಾದ ಹಂಚಾಯಿತು. ಸುಟ್ಟೆಣ್ಣೆಯ ನಾತಕ್ಕೆ ಕೂಸು ಕಿರುಚಿತು. ತಮ್ಮ ಗಳೆ ಊರಿ ದೋಣಿಯನ್ನು ಮರಳದಿಬ್ಬಕ್ಕೆ ತಾಗಿಸಿದ. ದಿಬ್ಬದಾಚೆ ಸೆಳವು ಜೋರು, ಅಲ್ಲಿ ಗಳೆ ನಿಲ್ಲದು. ಎಣ್ಣೆ ಹೊಯ್ದ, ತಿರುಪು ಸಡಿಲಿಸಿದ, ಎಂಜಿನ್ನಿನ ನೆತ್ತಿಗೆ ನೀರು ತಟ್ಟಿದ. ಮತ್ತೆ ತಿರುಗಿಸಿದರೆ ಮತ್ತೆ ಕಾಯಿತು. ಹೊತ್ತು ಮಲೆಯಂಚಿಗೆ ಇಳಿದಿತ್ತು.

"ಏನ್ ತಂಬಿ, ಬೇಕಂತ್ಲೇ ಕೆಡಿಸ್ದೆಯಾ? ಕೂಸು ನಿನ್ ಮನೇಲೇ ಇರ್ಲಿ ಅಂತ?"

"ಅಡ ಪೋಕ್ಕಾ! ತಿಳಿನೀರ್ ತೊಟ್ಟೀಲಿ ನಿಲ್ಸಿ ಓಡ್ಸಿ ನೋಡಿವ್ನಿ. ತಣ್ಣಗಿತ್ತು."

"ಜಗಳ ಆಮೇಕೆ ಆಡಿ," ಅಂದಳು ಸೊಸೆ. "ಅತ್ತೆ, ಕೂಸು ಬೆವೀತಾ ಐತೆ, ಹಿಡ್ಕ."

ಕೂಸಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ನನ್ನ ಬಂಗಾರ ಚಿರ್ರನೆ ಉಚ್ಚೆ ಹೊಯ್ದ, ನೇರ ತಮ್ಮನ ಮೀಸೆಗೆ! ನಕ್ಕು ನಕ್ಕು ನನಗೆ ಉಸಿರೇ ಸಿಗಲಿಲ್ಲ. ನಗುವಾಗಲೇ ತಲೆಗೆ ಹೊಳೆಯಿತು.

"ಅಲ್ವೋ ತಂಬಿ, ನನ್ ಮೊಮ್ಮಗ ಹೊಯ್ದ. ನಿನ್ ಎಂಜಿನ್ ಇವತ್ತು ಹೊಯ್ಲೇ ಇಲ್ವಲ್ಲೋ!"

ಎಂಜಿನ್ನಿನ ಪಕ್ಕದ ತೂತಿಗೆ ಬೆರಳಿಟ್ಟ ತಮ್ಮ. ಒಣ. ಕೊಳವೆಯ ಬಾಯನ್ನು ನೀರಿನಿಂದ ಮೇಲೆತ್ತಿದ. ಕಣದಲ್ಲಿ ಎತ್ತು ತೆನೆ ತಿನ್ನದಿರಲೆಂದು ಮೂತಿಗೆ ನಾರಿನ ಕುಕ್ಕೆ ಕಟ್ಟುತ್ತೇವಲ್ಲ, ಅಂಥದ್ದೇ ಪುಟ್ಟದೊಂದನ್ನು ಹೆಣೆದು ಅಲ್ಲಿ ಕಟ್ಟಿದ್ದ ಪುಣ್ಯಾತ್ಮ! ಅದರ ತುಂಬ ಪಾಚಿ ಮೆತ್ತಿತ್ತು.

"ರಿಪೇರಿ ಆಗಿ ಬಂದದ್ದು… ಕಸ ತಿನ್ನಬಾರ್ದು ಅಂತ…"

"ಕಸ ತಿನ್ನಬಾರ್ದು ಅಂತ ನೀರೂ ಕುಡಿಸ್ನಿಲ್ವಾ?"

ಕುಕ್ಕೆ ಕಿತ್ತೊಗೆದ. ಎಂಜಿನ್ ಕೆಮ್ಮಿತು, ಗುಡುಗಿತು, ಆಮೇಲೆ ಪಕ್ಕದಿಂದ ಚಿರ್ರೆಂದಿತು. ನನ್ನ ಹೊಸ ಸೀರೆಯೆಲ್ಲ ಒದ್ದೆ. ಅಂದು ಮಾತ್ರ ಬೈಯಲಿಲ್ಲ.

ದಡಕ್ಕೆ ಹತ್ತಿದಾಗ ನಮ್ಮ ಬೀದಿಯಲ್ಲಿ ಒಂದು ದೀಪವೂ ಹತ್ತಿರಲಿಲ್ಲ. ಕೂಸನ್ನೆತ್ತಿಕೊಂಡು ಓಡುನಡಿಗೆಯಲ್ಲಿ ಹೊಸಿಲು ದಾಟಿದೆ. ಬಾಗಿಲಲ್ಲೇ ನಿಂತು ಕೈ ಚಾಚಿದ ತಮ್ಮ.

"ಒಂದ್ ಗಳಿಗೆ ಕೊಡಕ್ಕಾ."

"ಮೊದ್ಲು ಮೀಸೆ ತೊಳ್ಕಂಡ್ ಬಾ!"