ಸಾಂತಪ್ಪನವರ ಮೊಟ್ಟೆವೈರ

ಪಾಲಿಬೆಟ್ಟದ ಎಸ್ಟೇಟ್ ಸಾಹುಕಾರ ಸಾಂತಪ್ಪನವರು ತಟ್ಟೆಯಲ್ಲಿ ಮೊಟ್ಟೆ ಕಂಡರೆ ಹಾವು ಕಂಡಂತೆ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಅವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಇದೆಯೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೇ ಓದಿದ್ದು, "ಹೆಸರಲ್ಲೇ ಕೊಲೆ ಉಂಟಲ್ಲ ಮಾರಾಯ, ಇನ್ನೆಂಥ ಸಾಕ್ಷಿ ಬೇಕು?" ಎಂದು ಕ್ಲಬ್ಬಿನಲ್ಲಿ ಕಂಡಕಂಡವರನ್ನು ಕೇಳುತ್ತಾರೆ. ಅವರ ಸಕ್ಕರೆ ಕಾಯಿಲೆಗೂ ಮೊಟ್ಟೆಯೇ ಕಾರಣವಂತೆ! ಹಾಗೆಂದು ಹೇಳುತ್ತಲೇ ಅಕ್ಕಿಶಾವಿಗೆಯ ನೂಪುಟ್ಟಿನ ಮೇಲೆ ಜೇನು ಸುರಿದುಕೊಳ್ಳುತ್ತಾರೆ, ಬೆಲ್ಲದ ಕಾಫಿ ಹೀರುತ್ತಾರೆ. "ಮೊಟ್ಟೆಯಲ್ಲಿ ಸಕ್ಕರೆ ಎಲ್ಲಿದೆ ಸ್ವಾಮಿ? ಆ ಜೇನು, ಬೆಲ್ಲ ಬಿಡಿ" ಎಂದ ಗೋಣಿಕೊಪ್ಪಲಿನ ಡಾಕ್ಟರನ್ನೇ ಬಿಟ್ಟರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಎಸ್ಟೇಟಿನ ಬಾಣಂತಿಯರಿಗೆ ಕೊಡುತ್ತಿದ್ದ ಮೊಟ್ಟೆಯನ್ನೂ ಅವರು ನಿಲ್ಲಿಸಿದರು. ಕೂಲಿಲೈನಿನ ನಿಂಗಮ್ಮ ಹಸುಗೂಸನ್ನೆತ್ತಿಕೊಂಡು ಬಂದು, "ಎದೇಲಿ ಹಾಲೇ ಇಲ್ಲ ಸಾವ್ಕಾರ್ರೇ, ಮಗೀಗೆ ಏನ್ ಕೊಡ್ಲಿ?" ಎಂದಳು. "ನಿನ್ನ ಒಳ್ಳೇದಕ್ಕೇ ಹೇಳೋದು ಹೆಣ್ಣೇ, ಮೊಟ್ಟೆ ತಿಂದ್ರೆ ರಕ್ತ ಕೆಡ್ತದೆ" ಎಂದು ಸಾಂತಪ್ಪನವರು ಬಹಳ ಕರುಣೆಯಿಂದ ಹೇಳಿದರು. ಆಮೇಲೆ ಅಡುಗೆಯವನನ್ನು ಕರೆದು, ತಮ್ಮ ಬೇಟೆನಾಯಿಯ ಕೂದಲು ಚೆನ್ನಾಗಿ ಮಿಂಚಲೆಂದು, ಅದರ ಅನ್ನಕ್ಕೆ ಎರಡು ಮೊಟ್ಟೆ ಒಡೆದು ಹಾಕಿಸಿದರು.