ಕೌದಿಯ ಹೊಟ್ಟೆ

ಹೈದರಾಬಾದ್ ಬಿಟ್ಟು ನ್ಯೂಜಿಲೆಂಡಿಗೆ ಹೋಗುವುದು ಎಂದು ಗೊತ್ತಾದಾಗ ನನಗೆ ಮೊದಲು ಹುಟ್ಟಿದ ಪ್ರಶ್ನೆ, ನಮ್ಮ ಮನೆಯಲ್ಲಿ ಅಸಲಿಗೆ ಏನೇನಿದೆ ಎಂಬುದು. ಕುಷಾಯಿಗೂಡದ ಆ ಎರಡನೇ ಮಹಡಿಯ ಮನೆಯಲ್ಲಿ ಹದಿನಾರು ವರ್ಷ ಇದ್ದೆವು. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವುದು ನನ್ನ ಕೆಲಸ. ನ್ಯೂಜಿಲೆಂಡಿನ ಆಸ್ಪತ್ರೆಯೊಂದು ಕರೆದದ್ದೂ ಅದಕ್ಕೇ. ಒಂದು ತೊಟ್ಟು ರಕ್ತದಲ್ಲಿ ಏನಿದೆ ಎಂದು ಹೇಳುವವಳಿಗೆ ತನ್ನ ಅಡುಗೆಮನೆಯ ಅಟ್ಟದ ಮೇಲೆ ಏನಿದೆ ಎಂದು ಗೊತ್ತಿರಲಿಲ್ಲ.

ಹತ್ತಿ ನೋಡಿದೆ. ಹನ್ನೊಂದು ಸ್ಟೀಲ್ ಮುಚ್ಚಳಗಳಿದ್ದವು, ಅವುಗಳ ಡಬ್ಬಿಗಳು ಇರಲಿಲ್ಲ. ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳ ಖಾಲಿ ರಟ್ಟಿನ ಪೆಟ್ಟಿಗೆಗಳು ಒಂದರೊಳಗೊಂದು ಕೂತಿದ್ದವು. ನಿಂತುಹೋದ ಮೂರು ಗಡಿಯಾರ, ಯಾವ ಬೀಗದ್ದೋ ತಿಳಿಯದ ಒಂದು ಗೊಂಚಲು ಕೀಲಿ. ಪ್ರತಿಯೊಂದನ್ನೂ ಕೆಳಗಿಳಿಸಿ, ಒರೆಸಿ, ಇದು ಯಾಕೆ ಉಳಿಯಿತು ಎಂದು ಗಂಡನನ್ನು ಕೇಳುತ್ತಿದ್ದೆ. ಅವರದು ಎಲ್ಲಕ್ಕೂ ಒಂದೇ ಉತ್ತರ, "ಇರ್ಲಿ ಅಂತ ಇಟ್ಟಿದ್ವಿ." ನಮ್ಮ ಜೊತೆಗೇ ಹೊರಡಲಿದ್ದ ಅತ್ತೆ ಇಂಥದ್ದರಲ್ಲಿ ಭಾರಿ ಚುರುಕು. ತಮ್ಮ ಸಾಮಾನೆಲ್ಲ ಒಂದೇ ಮಧ್ಯಾಹ್ನದಲ್ಲಿ ವಿಂಗಡಿಸಿ, ಹಂಚಿ, ಕೈ ತೊಳೆದುಕೊಂಡು ಬಂದು ನಮ್ಮ ಒದ್ದಾಟ ನೋಡುತ್ತ ಕೂತರು.

ಆ ದೇಶಕ್ಕೆ ಬರುವ ಸಾಮಾನಿಗೆ ಒಂದು ಪಟ್ಟಿ ಇದೆ. ಕಾಳು, ಬೀಜ, ಹುಲ್ಲು, ಒಣ ಎಲೆ, ಹಕ್ಕಿಯ ಗರಿ, ಮಣ್ಣು ಯಾವುದೂ ಅದರ ಜೊತೆ ಹೋಗಬಾರದು. ತಮ್ಮ ಹೊಲ, ಕಾಡುಗಳಿಗೆ ಹೊರಗಿನ ಹುಳು, ರೋಗ ಹತ್ತಬಾರದೆಂದು ಅವರ ಕಾಳಜಿ. ನನಗೆ ಆ ಪಟ್ಟಿ ಬಹಳ ಹಿಡಿಸಿತು. ಮನೆಯನ್ನು ಹುಳುವಿನ ಕಣ್ಣಿನಿಂದ ನೋಡುವ ಅವಕಾಶ ಅದು. ಚಪ್ಪಲಿಗಳ ತಳವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಕಸಬರಿಗೆ, ತೆಂಗಿನ ಚಿಪ್ಪಿನ ಸೌಟು ಹೊರಗೆ ಹೋದವು. ಮಗಳ ಗುಲಗಂಜಿ ಸರವನ್ನು ಬೀಜವೆಂದು ಕಸಿದುಕೊಂಡಾಗ ಅವಳು ಎರಡು ದಿನ ಮಾತು ಬಿಟ್ಟಳು. ಕೊನೆಗೆ "ಕಾಳು, ಬೀಜ ಇವೆಯೇ?" ಎಂಬ ಸಾಲಿನ ಮುಂದೆ ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದೆ. ಪ್ಯಾಕಿಂಗಿನವರು ಬಂದು ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿ, ಟೇಪು ಹಚ್ಚಿ, ನಂಬರು ಬರೆದು ಶಂಶಾಬಾದಿನ ಗೋದಾಮಿಗೆ ಒಯ್ದರು.

ಮೂವತ್ತೇಳನೇ ಪೆಟ್ಟಿಗೆಯಲ್ಲಿ ಅವ್ವನ ಕೌದಿ ಇತ್ತು.

ನನ್ನ ಅವ್ವ ತೀರಿಕೊಂಡು ಆಗ ಒಂಬತ್ತು ವರ್ಷ. ಅವಳಿಗೆ ಒಂದು ಹಟವಿತ್ತು, ಖಾಲಿ ಹೊಟ್ಟೆಯಲ್ಲಿ ಯಾರೂ ಹೊಸ್ತಿಲು ದಾಟಬಾರದು. ಅಪ್ಪ ಸರ್ಕಾರಿ ಕೆಲಸದ ಮೇಲೆ ಹೊರಟು, ಕೆಳಗೆ ಜೀಪು ಹಾರ್ನ್ ಹೊಡೆಯುತ್ತಿದ್ದರೆ ಅವ್ವ ಇನ್ನೊಂದು ರೊಟ್ಟಿ ಬಡಿದು ತಾಟಿಗೆ ಹಾಕಿ "ಕಾಯ್ಲಿ" ಎನ್ನುತ್ತಿದ್ದಳು. ಆಟೋ ಆಗಲಿ, ಕಾಲೇಜಿನ ಬಸ್ಸಾಗಲಿ, ಅವಳ ಲೆಕ್ಕದಲ್ಲಿ ಎಲ್ಲವೂ ಕಾಯಬೇಕು. ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳ ದೆಸೆಯಿಂದ ಎರಡು ಸಲ ರೈಲು ತಪ್ಪಿಸಿಕೊಂಡಿದ್ದೇನೆ, ಒಮ್ಮೆ ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ಪರೀಕ್ಷೆಯ ಕೋಣೆಗೆ ಓಡಿದ್ದೇನೆ.

ಹನ್ನೆರಡು ವರ್ಷದ ಹಿಂದೆ ಮಗಳು ಹುಟ್ಟಿದಾಗ ಅವ್ವ ಆ ಕೌದಿ ಹೊಲಿದಳು. ತನ್ನ ಏಳು ಹಳೆಯ ಸೀರೆ, ಅಪ್ಪನ ಎರಡು ಧೋತರ ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕಿದ ದಪ್ಪ ಹೊದಿಕೆ. ಉಳಿದ ಸೀರೆಗಳನ್ನು ಅವಳು ಹೋದ ಮೇಲೆ ಹಂಚಿಬಿಟ್ಟೆವು. ಹಾಗಾಗಿ ಅವ್ವನ ಸೀರೆ ಎಂದು ನನಗೆ ಉಳಿದದ್ದು ಕೌದಿಯಲ್ಲಿದ್ದವು ಮಾತ್ರ. ವಿಮಾನದ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಭಾರವೆಂದು ಹಡಗಿನ ಸಾಮಾನಿಗೆ ಹಾಕಿದ್ದೆ. ಬೇರೆ ಏನು ಕಳೆದುಹೋದರೂ ಇದೊಂದು ಮುಟ್ಟಲಿ ಎಂದು ಪೆಟ್ಟಿಗೆಯ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಸಾಮಾನು ಹೋದ ಮೂರನೇ ದಿನ ಅತ್ತೆ ಡಬ್ಬಿಯಲ್ಲಿ ಉಳಿದಿದ್ದ ಜೋಳವನ್ನು ಕೆಳಗಿನ ಮನೆಯವರಿಗೆ ಕೊಡಲೆಂದು ಚೀಲಕ್ಕೆ ಸುರಿಯುತ್ತಿದ್ದರು. ಹಾಗೇ ಕೇಳಿದರು, "ಕೌದಿ ಹೊಟ್ಟ್ಯಾಗಿನ ಜ್ವಾಳ ತಗದಿದ್ದಿ ಹೌದಿಲ್ಲೋ?"

"ಯಾವ ಹೊಟ್ಟಿರಿ ಅತ್ತೇರ?"

"ನಿಮ್ಮವ್ವನ ಕೌದೀದು. ಮೂಲ್ಯಾಗ ಹಾಕ್ಯಾಳಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಚೀಲ ಕೆಳಗಿಟ್ಟು ಬಿಡಿಸಿ ಹೇಳಿದರು. "ಕೌದಿ ಮುಗಿಯೋ ಮುಂದ, ಕಡೀ ಮೂಲಿ ಹೊಲಿಯೋಕಿಂತ ಮೊದಲ ಒಂದ ಹಿಡಿ ಕಾಳು ಹಾಕ್ತಾರ. ಹೊಟ್ಟಿ ತುಂಬಸೂದು ಅಂತಾರ ಅದಕ್ಕ. ಹಸದ ಕೌದಿ ಹೊಚ್ಚಬಾರದು ಕೂಸಿಗೆ. ನೀ ಒಳಗ ಮಲಗಿದ್ದಿ, ನಾ ಆಕಿ ಮುಂದ ಕುಂತಿದ್ದೆ. ಹುಳಾ ಹತ್ತಬಾರದಂತ ಬೂದಿ ಹಚ್ಚಿ ಕಟ್ಟಿದ್ಲು."

ಆ ಮೂಲೆಯ ಗಂಟು ನನಗೆ ಗೊತ್ತಿತ್ತು. ಚಳಿಗಾಲದಲ್ಲಿ ಕೌದಿ ಎಳೆದುಕೊಂಡಾಗಲೆಲ್ಲ ಕೈಗೆ ಹತ್ತುತ್ತಿತ್ತು. ಬಟ್ಟೆ ಮಡಚಿ ಹೊಲಿದಿರಬೇಕು ಎಂದುಕೊಂಡಿದ್ದೆ. ಊರಿನವರ ರಕ್ತದಲ್ಲೆಲ್ಲ ಇಣುಕುವವಳು, ನಾನೇ ಹೊದ್ದ ಕೌದಿಯ ಮೂಲೆಯಲ್ಲಿ ಏನಿದೆ ಎಂದು ಹನ್ನೆರಡು ವರ್ಷ ಕೇಳಲೇ ಇಲ್ಲ. ಕೇಳಿದ್ದರೆ ಹೇಳಲು ಮೂರು ವರ್ಷ ಅವ್ವನೂ ಇದ್ದಳು.

ಗಂಡ ಎಂದಿನಂತೆ "ಯಾರು ನೋಡ್ತಾರ, ಇರ್ಲಿ ಬಿಡು" ಎಂದರು. ಆದರೆ ನಾನು ಸಹಿ ಮಾಡಿದ್ದೆ. ಅಲ್ಲಿನವರು ಪೆಟ್ಟಿಗೆಗಳನ್ನು ಯಂತ್ರದಡಿ ಹಾಯಿಸಿ ನೋಡುತ್ತಾರೆಂದು, ಕಾಳು ಸಿಕ್ಕರೆ ಆ ವಸ್ತುವನ್ನೇ ನಾಶ ಮಾಡಬಹುದೆಂದು ಓದಿದ್ದೆ. ಅವ್ವನ ಏಳು ಸೀರೆಗಳನ್ನು ಗೊತ್ತಿಲ್ಲದ ಊರಿನಲ್ಲಿ ಯಾರೋ ಸುಡುವ ಚಿತ್ರ ಕಣ್ಣ ಮುಂದೆ ಬಂತು. ಗೋದಾಮಿಗೆ ಫೋನ್ ಹಚ್ಚಿದರೆ, ಮರುದಿನವೇ ಸಾಮಾನು ಬಂದರಿಗೆ ಹೋಗುತ್ತದೆ ಎಂದರು. ಚಪ್ಪಲಿ ಮೆಟ್ಟಿದೆ. ಅತ್ತೆ ಆಗಲೇ ಸೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಿಮ್ಮವ್ವ ತುಂಬಿಸಿದ ಹೊಟ್ಟಿ ನೀ ಒಬ್ಬಾಕೀನ ಬಿಚ್ಚೂದು ಬ್ಯಾಡ," ಎಂದರು.

ಕುಷಾಯಿಗೂಡ ಊರಿನ ಈ ತುದಿ, ಶಂಶಾಬಾದ್ ಆ ತುದಿ. ಹೊರವರ್ತುಲ ರಸ್ತೆಯುದ್ದಕ್ಕೂ ನಾನು ಅತ್ತೆಯ ಬೆನ್ನುಬಿದ್ದೆ. ಎಲ್ಲರೂ ಜೋಳವನ್ನೇ ಹಾಕುತ್ತಾರೆಯೇ? ಹಿಡಿ ಎಂದರೆ ಯಾರ ಹಿಡಿ? ಕೌದಿ ಹರಿದರೆ ಕಾಳನ್ನು ಏನು ಮಾಡುತ್ತಾರೆ? ಅತ್ತೆ ಎರಡಕ್ಕೆ ಉತ್ತರ ಕೊಟ್ಟು, ಮೂರನೆಯದಕ್ಕೆ "ನನಗೇನ ಗೊತ್ತವಾ, ನಾ ಯಾವ ಕೌದಿ ಹೊಟ್ಟೀನೂ ಬಿಚ್ಚಿಲ್ಲ" ಎಂದು ಕಿಟಕಿಯತ್ತ ತಿರುಗಿದರು.

ಗೋದಾಮಿನ ಮೇಲ್ವಿಚಾರಕ ಒಪ್ಪಲಿಲ್ಲ. "ಸೀಲ್ ಹೋಗಯಾ ಮೇಡಂ, ಅಬ್ ಖೋಲ್ನಾ ನಕ್ಕೋ" ಎಂದು ಕೈ ಆಡಿಸಿದ. ಸೀಲಾದದ್ದನ್ನು ಬಿಚ್ಚಿದರೆ ಕಾಗದಪತ್ರವೆಲ್ಲ ಮತ್ತೆ ಮಾಡಬೇಕು ಎಂಬುದು ಅವನ ತಕರಾರು. ಒಳಗೆ ಕಾಳಿದೆ ಎಂದು ವಿವರಿಸಿದೆ. ಹೊದಿಕೆಯಲ್ಲಿ ಕಾಳು ಯಾಕೆ ಎಂದ. ಅದಕ್ಕೆ ಹಸಿವಾಗಬಾರದೆಂದು ಅಂದೆ. ನನ್ನ ಮುಖವನ್ನೊಮ್ಮೆ, ಅತ್ತೆಯ ಕೈಯಲ್ಲಿದ್ದ ಸೂಜಿಯನ್ನೊಮ್ಮೆ ನೋಡಿ, ಯಾರಿಗೋ ಫೋನ್ ಮಾಡಿ, ಕೊನೆಗೆ ಮೂವತ್ತೇಳನೇ ಪೆಟ್ಟಿಗೆ ಇಳಿಸಲು ಹೇಳಿದ.

ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದ ಹೆಂಗಸೊಬ್ಬಳು, ನನ್ನದೇ ವಯಸ್ಸಿನವಳು, ನಮ್ಮ ಮಾತು ಕೇಳಿ ಎದ್ದು ಬಂದಳು. "ನೀವು ನಮ್ಮ ಕಡ್ಯಾವರೇನ್ರಿ?" ಯಾದಗಿರಿ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದು, ಈಗ ಇಲ್ಲಿ ಸೇರಿದ್ದಾಳೆ. ಕೌದಿ ಹೊರಬಂದ ಕೂಡಲೇ ನೆಲಕ್ಕೆ ರಟ್ಟು ಹಾಸಿ ಬಿಡಿಸಿದಳು. ಮೂಲೆಗಳನ್ನು ಒಂದೊಂದಾಗಿ ಹಿಸುಕಿ ನೋಡಿ, "ಇಲ್ಲೈತ್ರಿ" ಎಂದಳು. ಮೇಲ್ವಿಚಾರಕ ಟೇಪು ಕೊಯ್ಯುವ ಬ್ಲೇಡು ಚಾಚಿದರೆ ತೆಗೆದುಕೊಳ್ಳಲಿಲ್ಲ. "ಕೊಯ್ದ್ರ ಬಟ್ಟಿ ಹರೀತೈತ್ರಿ. ದಾರದ ಗಂಟು ಹುಡುಕಬೇಕು."

ಸೂಜಿಯ ಮೊನೆಯಿಂದ ಅವಳು ಗಂಟು ಬಿಡಿಸಿದಳು. ಅವ್ವ ಹಾಕಿದ ಹೊಲಿಗೆ ಒಂದೊಂದಾಗಿ ಹಿಂದಕ್ಕೆ ಬಂತು. ನೋಡಲಾಗಲಿಲ್ಲ, ಆದರೂ ಕಣ್ಣು ಕೀಳಲಿಲ್ಲ. ಒಳಗಿಂದ ಲಿಂಬೆಹಣ್ಣಿನಷ್ಟು ದೊಡ್ಡ ಬಟ್ಟೆಯ ಗಂಟು ಉರುಳಿತು. ಬಟ್ಟೆ ನನ್ನದೇ, ಶಾಲೆಯ ಯೂನಿಫಾರ್ಮಿನ ನೀಲಿ ತುಂಡು. ಅದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದಳೋ. ಅಟ್ಟದ ಮೇಲಿನ ಮುಚ್ಚಳಗಳು ನೆನಪಾಗಿ, ಇಡುವ ಬುದ್ಧಿ ನನಗೆ ಎಲ್ಲಿಂದ ಬಂತೆಂದು ತಿಳಿಯಿತು.

"ನಾವು ತೊಗರಿ ಹಾಕ್ತೀವ್ರಿ," ಎಂದಳು ಅವಳು, ಗಂಟನ್ನು ನನ್ನ ಅಂಗೈಗಿಡುತ್ತ. "ನನ್ನ ಕೌದಿ ಪುಣೆಕ್ಕ ಹೋಗೇತಿ, ಮುಂಬೈಕ್ಕ ಹೋಗೇತಿ, ಈಗ ಇಲ್ಲೈತಿ. ಒಳಗ ನಮ್ಮ ಹೊಲದ ತೊಗರಿನ ಐತ್ರಿ ಇನ್ನೂ." ಆಮೇಲೆ ಖಾಲಿ ಮೂಲೆಯನ್ನು ತೋರಿಸಿ ಕೇಳಿದಳು, "ಇದಕ್ಕೇನ ಹಾಕ್ತೀರಿ? ಹಂಗ ಹೊಲ್ಯಾಕ ಬರೂದಿಲ್ಲಲ್ರಿ."

ಮೂವರೂ ನೆಲದ ಮೇಲೆ ಕೂತು ಯೋಚಿಸಿದೆವು. ಅಡಿಕೆ ಎಂದರೆ ಅದೂ ಬೀಜವೇ. ಅರಿಶಿನದ ಕೊಂಬು ಎಂದರೆ ಅದು ಮಣ್ಣಿನೊಳಗೆ ಬೆಳೆದದ್ದು. ಉಪ್ಪು ಎಂದಳು ಅವಳು. ಉಪ್ಪು ನೀರೊಡೆದು ಬಟ್ಟೆ ಕೊಳೆಯುತ್ತದೆ ಎಂದೆ ನಾನು. ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. ಅತ್ತೆ ಸೂಜಿಗೆ ದಾರ ಪೋಣಿಸತೊಡಗಿದರು.

"ಉಪವಾಸ ಇರ್ಲಿ," ಎಂದರು. "ನಾ ಏಕಾದಶಿ ಮಾಡೂದಿಲ್ಲೇನು? ಹಡಗದಾಗ ಎರಡ ತಿಂಗಳ ಇದೂ ಮಾಡ್ಲಿ. ಅಲ್ಲಿ ಮುಟ್ಟಿದ ಮ್ಯಾಲೆ ಅಲ್ಲೀ ಕಾಳು ಹಾಕಿ ಪಾರಣಿ ಮಾಡಸೂಣು."

ಯಾದಗಿರಿಯವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಮೂಲೆಯನ್ನು ಅತ್ತೆಯೇ ಹೊಲಿದರು, ಕೊನೆಯ ಗಂಟು ಅವಳ ಕೈಯಿಂದ ಹಾಕಿಸಿದರು. ಮೂವತ್ತೇಳನೇ ಪೆಟ್ಟಿಗೆಗೆ ಮತ್ತೆ ಟೇಪು ಬಿತ್ತು. ನಾನು ಸಹಿ ಮಾಡಿದ್ದು ಈಗ ನಿಜವಾಗಿತ್ತು.

ಉಳಿದದ್ದು ನನ್ನ ಪರ್ಸಿನೊಳಗಿನ ನೀಲಿ ಗಂಟು. ಮನೆಗೆ ಬಂದು ಬಿಳಿ ಹಾಳೆಯ ಮೇಲೆ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದೆ. ಅವ್ವನ ಬೂದಿ ಕೆಲಸ ಮಾಡಿತ್ತು. ಎರಡು ಕಾಳಿಗೆ ಮಾತ್ರ ತೂತು ಬಿದ್ದಿತ್ತು, ಉಳಿದವು ಗಟ್ಟಿ. ಮಗಳು ಎಣಿಸಿದಳು, ಮುನ್ನೂರ ಹನ್ನೆರಡು. ಎಣಿಸಿಯಾದ ಮೇಲೆ ಸಹಜವಾಗಿ ಕೇಳಿದಳು, "ಇನ್ನ ಒಗೀಲೇನು?" ಒಯ್ಯುವಂತಿಲ್ಲ, ಒಗೆಯಲು ಕೈ ಬರುವುದಿಲ್ಲ. ಒಂದು ರೊಟ್ಟಿಗೂ ಸಾಲುವುದಿಲ್ಲ. ಬಿತ್ತೋಣವೆಂದರೆ ನೀರು ಹಾಕಲು ನಾವಿರುವುದಿಲ್ಲ. ನಾವು ಹೊರಡುವ ಹಿಂದಿನ ದಿನದ ತನಕ ಅದು ಒಂದು ಬಟ್ಟಲಲ್ಲಿ ಕಿಟಕಿಯ ಮೇಲಿತ್ತು. ಹೋಗುತ್ತ ಬರುತ್ತ ನಾನು ಅದರಲ್ಲಿ ಬೆರಳಾಡಿಸುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಮನೆಯಲ್ಲಿ ಪಾತ್ರೆಗಳಿರಲಿಲ್ಲ, ಕುರ್ಚಿಗಳಿರಲಿಲ್ಲ. ಅತ್ತೆ ಕೆಳಗಿನ ಮನೆಯಿಂದ ಒಂದು ಬಾಣಲಿ ಕೇಳಿ ತಂದದ್ದನ್ನು ನೋಡಿ ಏನೆಂದು ಕೇಳಿದೆ. ಹಿಂದಿನ ದಿನವೇ ಕಾಳು ತೊಳೆದು, ಬಿಸಿನೀರು ಚಿಮುಕಿಸಿ ಮುಚ್ಚಿಟ್ಟಿದ್ದರಂತೆ. ನಾಗರ ಪಂಚಮಿಗೆ ನಮ್ಮಲ್ಲಿ ಜೋಳ ಹುರಿದು ಅಳ್ಳು ಮಾಡುತ್ತಾರಲ್ಲ, ಹಾಗೆ ಮಾಡುವುದೆಂದು ಅವರ ಯೋಚನೆ. ಹನ್ನೆರಡು ವರ್ಷದ ಕಾಳು ಅರಳುವುದೇ? ನಾನು ಆಗುವುದಿಲ್ಲ ಎಂದೆ, ಮಗಳು ಆಗುತ್ತದೆ ಎಂದಳು. ಬಾಣಲಿಯ ಸುತ್ತ ನಾಲ್ಕೂ ಜನ ಬಗ್ಗಿ ನಿಂತೆವು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಾಳು ಚಟ್ಟೆಂದು ಅರಳಿ ಹಾರಿ ನನ್ನ ಕೈಗೆ ಬಿತ್ತು. ಹಿಂದೆಯೇ ಇನ್ನೊಂದು, ಹತ್ತು, ಅರ್ಧಕ್ಕಿಂತ ಹೆಚ್ಚು. ಅತ್ತೆ ಚೂರು ಉಪ್ಪು ಉದುರಿಸಿ, ನ್ಯೂಸ್‌ಪೇಪರಿನ ಮೇಲೆ ಸುರಿದು, ಮೊದಲ ಹಿಡಿಯನ್ನು ನನ್ನ ಕೈಗೆ ಹಾಕಿದರು. "ತಿನ್ನು. ನಿಮ್ಮವ್ವ ಹಾಕಿದ್ದು," ಎಂದರು.

ಹಳೆಯ ಬಟ್ಟೆಯ ವಾಸನೆ ಇತ್ತು, ಕೊನೆಯಲ್ಲಿ ನಾಲಿಗೆಗೆ ಸ್ವಲ್ಪ ಬೂದಿ. ಅಗಿಯುತ್ತ ನನಗೆ ಅಳು ಬಂತು, ತಡೆಯಲಿಲ್ಲ. ಕೆಳಗೆ ವಿಮಾನ ನಿಲ್ದಾಣಕ್ಕೆ ಹೇಳಿದ್ದ ಕ್ಯಾಬು ಬಂದು ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಗಂಡ ಗಡಿಬಿಡಿಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಕಡೆ ನಡೆದರು, ಮಗಳು ಎದ್ದು ಕೈ ಒರೆಸಿಕೊಂಡಳು. ನಾನು ಪೇಪರಿನ ಮೇಲೆ ಉಳಿದದ್ದನ್ನು ಅವಳ ಮುಂದಕ್ಕೆ ಸರಿಸಿದೆ.

"ಕಾಯ್ಲಿ," ಎಂದೆ.